ಸ್ಟಾರ್ಟ್ ಆಗದ ಗರಗಸದ ಇನ್ನೂರ ನಲವತ್ತು ವರ್ಷ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬರೆಯಲು ಏನೂ ಇಲ್ಲವೆಂದಲ್ಲ. ಬರೆಯಲು ಕೂತರೆ ತೋಟ ಕರೆಯುತ್ತದೆ, ತೋಟಕ್ಕೆ ಹೋದರೆ ಬರೆಯಬೇಕೆನಿಸುತ್ತದೆ! ಈ ಸಲದ ಕಥೆ ಮಾತ್ರ ಎರಡನ್ನೂ ಒಟ್ಟಿಗೇ ಹೊತ್ತುಕೊಂಡು ಬಂತು. ಸ್ವಲ್ಪ ಉದ್ದ ಆಗಬಹುದು, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

ಕಳೆದ ಮೇ ತಿಂಗಳ ಒಂದು ಸೋಮವಾರ ರಾತ್ರಿ ನಮ್ಮೂರಿಗೆ ಅಡ್ಡಮಳೆ ಬಂತು. ಮಳೆಗಿಂತ ಗಾಳಿಯೇ ಹೆಚ್ಚು. ಬೆಳಿಗ್ಗೆ ಎದ್ದು ನೋಡಿದರೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಊರಿನಿಂದ ಟಾರು ರಸ್ತೆಗೆ ಹೋಗುವ ಒಂದೇ ಒಂದು ಮಣ್ಣುದಾರಿಗೆ ಅಡ್ಡಲಾಗಿ ದೊಡ್ಡದೊಂದು ಅಕೇಶಿಯಾ ಮಲಗಿಬಿಟ್ಟಿತ್ತು. ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಬಳಸಿಕೊಂಡು ಹೋಗಲು ಜಾಗವೇ ಇಲ್ಲ.

ಬೇರೆ ದಿನವಾಗಿದ್ದರೆ 'ಮಧ್ಯಾಹ್ನ ನೋಡಿದ್ರಾಯ್ತು' ಎಂದು ದೋಸೆ ತಿನ್ನಲು ಕೂರುತ್ತಿದ್ದೆ. ಆದರೆ ಅವತ್ತು ಮಂಗಳವಾರ. ಮೇಲಿನಮನೆ ಮಾವನಿಗೆ ಡಯಾಲಿಸಿಸ್ ದಿನ. ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ವಾರಕ್ಕೆರಡು ಸಲ ಪೇಟೆಗೆ ಹೋಗಿ ನಾಲ್ಕು ತಾಸು ಮಲಗಿ ಬರಬೇಕು. ದಿನಕ್ಕೆ ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದೇ ಕುಡಿಯಬೇಕು. ಒಂದು ಪಾಳಿ ತಪ್ಪಿದರೆ ಮೈಯಲ್ಲಿ ನೀರು ಸೇರಿ ಉಸಿರಾಡಲು ಕಷ್ಟವಾಗುತ್ತದೆ. ಅವರ ಪಾಳಿ ಹತ್ತು ಗಂಟೆಗೆ. ನಾನು ಮರ ನೋಡಿದಾಗ ಆರೂವರೆ.

'ನಿನ್ನ ಮಿಷನ್ ಇದ್ಯಲ್ಲ, ಹತ್ತು ನಿಮಿಷದ ಕೆಲಸ' ಎಂದರು ಮಾವ. ನಾನೂ ಹಾಗೇ ಅಂದುಕೊಂಡಿದ್ದೆ.

ಮಿಷನ್ ಎಂದರೆ ಮರ ಕೊಯ್ಯುವ ಮಿಷನ್, ಚೈನ್‌ಸಾ. ಹಿಂದಿನ ಡಿಸೆಂಬರಿನಲ್ಲಿ ಒಣಗಿದ ಎರಡು ಮರ ಕೊಯ್ದು ಮೂಲೆಯಲ್ಲಿಟ್ಟಿದ್ದೆ. ಐದು ತಿಂಗಳ ಮೇಲೆ ಹೊರಗೆ ತಂದು, ಚೋಕ್ ಎಳೆದು, ಹಿಡಿಯನ್ನು ಕಾಲಲ್ಲಿ ಒತ್ತಿ ಹಗ್ಗ ಎಳೆದೆ. ಇಲ್ಲ. ಮತ್ತೆ ಎಳೆದೆ. ಹತ್ತು ಸಲ, ಇಪ್ಪತ್ತು ಸಲ, ಮೂವತ್ತು ಸಲ.... ಕೆಮ್ಮಲೂ ಇಲ್ಲ. ಅಷ್ಟರಲ್ಲಿ ನನ್ನ ಸುತ್ತ ಊರಿನ ಅರ್ಧ ಜನ ಸೇರಿದ್ದರು, ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಸಲಹೆ. 'ಸ್ವಿಚ್ ಹಾಕಿದ್ಯನಾ?' ಎಂದು ಕೇಳಿದವರೇ ನಾಲ್ಕು ಮಂದಿ. ಹಾಕಿದ್ದೆ ಮಾರಾಯ್ರೇ!

ಇಂಥ ಯಂತ್ರ ಸ್ಟಾರ್ಟ್ ಆಗದಿದ್ದರೆ ಕೇಳಬೇಕಾದ ಪ್ರಶ್ನೆಗಳು ಮೂರೇ. ಕಿಡಿ ಇದೆಯಾ? ಒತ್ತಡ ಇದೆಯಾ? ಪೆಟ್ರೋಲು, ಗಾಳಿ ಬರುತ್ತಿದೆಯಾ? ಈ ಮೂರರಲ್ಲಿ ಯಾವುದೋ ಒಂದು ಇಲ್ಲ ಎಂದೇ ಅರ್ಥ. ಆ ಬೆಳಿಗ್ಗೆ ಒಂದೊಂದೇ ಭಾಗ ಬಿಚ್ಚುತ್ತಾ ಹೋದ ನನಗೆ ಆಮೇಲೆ ಈ ಒಂದೊಂದು ಭಾಗವೂ ಎಲ್ಲಿಂದ ಬಂತು ಎಂಬ ಹುಚ್ಚು ಹಿಡಿಯಿತು. ಮಳೆಗಾಲವಿಡೀ ಅದನ್ನೇ ಓದಿದೆ. ಓದಿದ್ದನ್ನು ಬಿಚ್ಚಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲನೆಯದು: ಕಿಡಿ

ಪ್ಲಗ್ ಬಿಚ್ಚಿ ನೋಡಿದೆ. ಪೂರ್ತಿ ಒಣ. ಮೂವತ್ತು ಸಲ ಎಳೆದ ಮೇಲೂ ಪ್ಲಗ್ ಒಣಗಿದೆ ಎಂದರೆ ಅದೇ ಒಂದು ಸುಳಿವು. ಪೆಟ್ರೋಲು ಜಾಸ್ತಿಯಾಗಿ ಉಸಿರು ಕಟ್ಟಿದ್ದರೆ ಪ್ಲಗ್ ಒದ್ದೆಯಾಗಿ ವಾಸನೆ ಹೊಡೆಯುತ್ತಿತ್ತು. ಆದರೂ ಕಿಡಿ ನೋಡಿಬಿಡೋಣ ಎಂದು ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಸಿಲಿಂಡರಿಗೆ ತಾಗಿಸಿ ಹಿಡಿದು ಹಗ್ಗ ಎಳೆಸಿದೆ. (ಪೆಟ್ರೋಲು ಚೆಲ್ಲಿದ ಜಾಗದಲ್ಲಿ ಇದನ್ನು ಮಾಡಬೇಡಿ.) ಟಪ್ ಎಂದು ನೀಲಿ ಕಿಡಿ ಹಾರಿತು. ಕಿಡಿ ಇದೆ.

ಈ ಗರಗಸದಲ್ಲಿ ಬ್ಯಾಟರಿ ಇಲ್ಲ. ಹಗ್ಗ ಎಳೆದಾಗ ತಿರುಗುವ ಚಕ್ರದಲ್ಲಿ ಅಯಸ್ಕಾಂತ ಕೂತಿದೆ. ಅದು ತಂತಿಯ ಸುರುಳಿಯ ಪಕ್ಕ ಹಾದುಹೋಗುವಾಗ ವಿದ್ಯುತ್ತು ಹುಟ್ಟಿ ಪ್ಲಗ್ಗಿನ ಅರ್ಧ ಮಿಲಿಮೀಟರಿನಷ್ಟು ಸಂದಿನಲ್ಲಿ ಕಿಡಿಯಾಗುತ್ತದೆ. ಇದರ ಹೆಸರು ಮ್ಯಾಗ್ನೆಟೊ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1886ರಲ್ಲಿ ಸಣ್ಣ ವರ್ಕ್‌ಶಾಪ್ ತೆರೆದ ರಾಬರ್ಟ್ ಬಾಷ್ ಮರುವರ್ಷವೇ ಒಂದೆಡೆ ಕೂತು ಕೆಲಸ ಮಾಡುವ ಎಂಜಿನ್ನುಗಳಿಗೆ ಇದನ್ನು ಮಾಡಿಕೊಟ್ಟ. 1902ರಲ್ಲಿ ಅವನ ಬಳಿ ಕೆಲಸಕ್ಕಿದ್ದ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ತಯಾರಿಸಿದ. ವೇಗವಾಗಿ ತಿರುಗುವ ಎಂಜಿನ್ನಿಗೂ ನಂಬಿಕೆಯ ಕಿಡಿ ಸಿಕ್ಕಿತು. ಅದಿಲ್ಲದಿದ್ದರೆ ಕಾಡಿಗೆ ಎಂಜಿನ್ ಹೊತ್ತುಕೊಂಡು ಹೋಗುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲ.

ಇದೇ ಸ್ಟುಟ್‌ಗಾರ್ಟಿನಲ್ಲಿ 1926ರಲ್ಲಿ ಇನ್ನೊಬ್ಬ ಅಂಗಡಿ ತೆರೆದ. ಹೆಸರು ಆಂಡ್ರಿಯಾಸ್ ಸ್ಟಿಲ್, ಹುಟ್ಟಿದ್ದು ಜ್ಯೂರಿಕ್‌ನಲ್ಲಿ. ಅವನು ಮೊದಲು ಮಾಡುತ್ತಿದ್ದುದು ಹಬೆ ಬಾಯ್ಲರುಗಳಿಗೆ ಬೇಕಾದ ಒಲೆಯ ಭಾಗಗಳನ್ನು. ಅದೇ ವರ್ಷ ವಿದ್ಯುತ್ತಿನಿಂದ ನಡೆಯುವ ಒಂದು ಚೈನ್ ಗರಗಸವನ್ನೂ ಮಾಡಿದ. ತೂಕ ಎಷ್ಟು ಗೊತ್ತೇ? 64 ಕಿಲೋ! ಅಡಿಕೆ ಮೂಟೆಯಷ್ಟು ಭಾರದ ಇದನ್ನು ಇಬ್ಬರು ಹಿಡಿಯಬೇಕು, ಜೊತೆಗೆ ಕರೆಂಟೂ ಬೇಕು. ಮರುವರ್ಷ, 1927ರಲ್ಲಿ, ಎಮಿಲ್ ಲೆರ್ಪ್ ಎಂಬವನು ತುರಿಂಜಿಯಾ ಪ್ರಾಂತ್ಯದ ಡಾಲ್ಮಾರ್ ಎಂಬ ಗುಡ್ಡದ ಮೇಲೆ ಪೆಟ್ರೋಲಿನಿಂದ ನಡೆಯುವ ಗರಗಸ ಓಡಿಸಿ ತೋರಿಸಿದ. ಅದು 58 ಕಿಲೋ. ಗುಡ್ಡದ ಹೆಸರೇ ಅವನ ಕಂಪನಿಯ ಹೆಸರಾಯಿತು. 1929ರಲ್ಲಿ ಸ್ಟಿಲ್‌ನ ಪೆಟ್ರೋಲ್ ಗರಗಸ ಬಂತು, 46 ಕಿಲೋ. ಈಗ ನನ್ನ ಜಗುಲಿಯಲ್ಲಿ ಬಿಚ್ಚಿಕೊಂಡು ಕೂತಿರುವುದು ಹೆಚ್ಚೆಂದರೆ ಐದು ಕಿಲೋ. ಅದೂ ಸ್ಟಾರ್ಟ್ ಆಗುತ್ತಿಲ್ಲ, ಆ ಮಾತು ಬೇರೆ :-)

ಎರಡನೆಯದು: ಒತ್ತಡ

ಪ್ಲಗ್ ಹಾಕಿ ಹಗ್ಗವನ್ನು ನಿಧಾನವಾಗಿ ಎಳೆದರೆ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತಿದೆ ಎಂದು ಅರ್ಥ. ಹಗ್ಗದ ಹಿಡಿಯನ್ನು ಹಿಡಿದು ಗರಗಸವನ್ನೇ ನೇತುಬಿಟ್ಟರೆ ಅದು ದಡಕ್ಕನೆ ಕೆಳಗಿಳಿಯದೆ ತಡೆತಡೆದು ಇಳಿಯಬೇಕು. ನನ್ನದು ತಡೆತಡೆದೇ ಇಳಿಯಿತು. ಪಿಸ್ಟನ್ ಸರಿಯಿದೆ.

ಇದು ಟೂ-ಸ್ಟ್ರೋಕ್ ಎಂಜಿನ್. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ 1878ರಲ್ಲೇ ಒಂದು ಬಗೆಯ ಟೂ-ಸ್ಟ್ರೋಕ್ ಮಾಡಿದ್ದ. ಆದರೆ ಅದಕ್ಕೆ ಗಾಳಿ ತುಂಬಲು ಇನ್ನೊಂದು ಸಿಲಿಂಡರ್ ಬೇಕಿತ್ತು. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಎಂಬವನು 1889ರ ಸುಮಾರಿಗೆ ಆ ಎರಡನೆಯ ಸಿಲಿಂಡರನ್ನು ಕಿತ್ತುಹಾಕಿದ. ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಯೇ ಪಂಪಿನಂತೆ ಕೆಲಸ ಮಾಡಲಿ ಎಂದ. ಮೇಲೆ ಉರಿಯುವಾಗ ಕೆಳಗೆ ಹೊಸ ಮಿಶ್ರಣ ಒತ್ತಿಕೊಂಡು ಕಾಯುತ್ತಿರುತ್ತದೆ. ತೆರೆದು ಮುಚ್ಚುವ ವಾಲ್ವುಗಳ ರಗಳೆ ಇಲ್ಲ, ತಳದಲ್ಲಿ ಆಯಿಲ್ ತುಂಬಿಡುವ ತೊಟ್ಟಿ ಇಲ್ಲ. ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿದರಾಯಿತು. ತೊಟ್ಟಿ ಇಲ್ಲದ ಮೇಲೆ ಎಂಜಿನ್ನನ್ನು ಅಡ್ಡ ಹಿಡಿದರೂ, ತಲೆಕೆಳಗು ಹಿಡಿದರೂ ಆಯಿಲ್ಲಿನ ಚಿಂತೆಯಿಲ್ಲ. ನಮ್ಮ ಬಜಾಜ್ ಸ್ಕೂಟರು, ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಮಿಷನ್, ಈ ಗರಗಸ ಎಲ್ಲವೂ ಅದೇ ವಂಶದವು. ಡೇ 1946ರಲ್ಲಿ ತೀರಿಕೊಂಡ. ಆ ಇಸವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೂರನೆಯದು: ಪೆಟ್ರೋಲು

ಕಿಡಿ ಇದೆ, ಒತ್ತಡ ಇದೆ. ಉಳಿದದ್ದು ಪೆಟ್ರೋಲು. ಏರ್ ಫಿಲ್ಟರ್ ಬಿಚ್ಚಿ ಕೊಡವಿದೆ, ಪುಡಿ ಇತ್ತು, ಆದರೆ ಉಸಿರು ಕಟ್ಟುವಷ್ಟೇನಲ್ಲ. ಬೈಕಿನಿಂದ ಸ್ವಲ್ಪ ಪೆಟ್ರೋಲು ಇಳಿಸಿ, ಟೂ-ಟಿ ಆಯಿಲ್ ಬೆರೆಸಿ, ಒಂದು ಚಮಚದಷ್ಟನ್ನು ಪ್ಲಗ್ಗಿನ ತೂತಿನೊಳಗೆ ಬಿಟ್ಟು ಪ್ಲಗ್ ಬಿಗಿದು ಎಳೆದೆ. ಬುರ್ರ್ರ್.... ಎರಡು ಸೆಕೆಂಡು ಓಡಿ ನಿಂತಿತು!

ಸುತ್ತ ನಿಂತವರಿಗೆ ನಿರಾಸೆ, ನನಗೆ ಮಾತ್ರ ಖುಷಿ. ರೋಗ ಪತ್ತೆಯಾಗಿತ್ತು. ಎಂಜಿನ್ ಚೆನ್ನಾಗಿದೆ, ಟ್ಯಾಂಕಿನಿಂದ ಸಿಲಿಂಡರಿನವರೆಗಿನ ದಾರಿ ಕಟ್ಟಿದೆ. ನಮ್ಮೂರಿನ ದಾರಿಯ ಹಾಗೇ!

ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಾಟಲಿಯಲ್ಲಿ ಎರಡು ಪದರ. ಮೇಲೆ ಆಯಿಲ್ಲಿನ ಬಣ್ಣದ ಪೆಟ್ರೋಲು, ತಳದಲ್ಲಿ ಬೇರೆಯದೇ ಒಂದು ನೀರುನೀರಾದ ದ್ರವ. ಇದರ ಚರಿತ್ರೆ ಬಹಳ ಹಳೆಯದಲ್ಲ. ನಮ್ಮ ದೇಶದ ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಹಂತ ಹಂತವಾಗಿ ಹೆಚ್ಚುತ್ತಾ 2022ರಲ್ಲಿ ಶೇಕಡಾ 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡಾ 20ರ ಪೆಟ್ರೋಲಿಗೆ ಚಾಲನೆ ಕೊಟ್ಟರು, 2025ರ ಹೊತ್ತಿಗೆ ದೇಶದ ತುಂಬ ಅದೇ ಆಯಿತು. ಕಬ್ಬು, ಜೋಳ ಬೆಳೆದವರಿಗೆ ಒಳ್ಳೆಯದೇ, ಆಮದೂ ಕಡಿಮೆಯಾಗುತ್ತದೆ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲು ಹಳೆಯದಾಗುವ ಪ್ರಶ್ನೆಯೇ ಇಲ್ಲ. ಆದರೆ ಎಥನಾಲಿಗೆ ಒಂದು ಸ್ವಭಾವವಿದೆ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡಿದ್ದು ಮಿತಿ ದಾಟಿದರೆ ನೀರನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಗರಗಸದ ಟ್ಯಾಂಕಿನಲ್ಲಿ ಫಿಲ್ಟರ್ ಇರುವುದೂ ತಳದಲ್ಲೇ! ಆಯಿಲ್ಲು ಮಾತ್ರ ಮೇಲಿನ ಪದರದಲ್ಲೇ ಉಳಿಯುತ್ತದೆ. ಹಾಗಾಗಿ ತಳದ ದ್ರವದಲ್ಲಿ ಎಂಜಿನ್ ಅಕಸ್ಮಾತ್ ಓಡಿದರೂ ಜಾರಿಕೆಗೆ ಆಯಿಲ್ಲಿಲ್ಲದೆ ಪಿಸ್ಟನ್ ಕೆಡುತ್ತದೆ. ಮಲೆನಾಡಿನ ತೇವದಲ್ಲಿ, ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವ ಯಂತ್ರಕ್ಕೆ ಇದಕ್ಕಿಂತ ಶತ್ರು ಬೇರೆ ಬೇಡ. ತಪ್ಪು ಪೆಟ್ರೋಲಿನದ್ದಲ್ಲ, ಟ್ಯಾಂಕ್ ಖಾಲಿ ಮಾಡದೆ ಇಟ್ಟ ನನ್ನದು.

ಹಳೆಯದನ್ನು ಚೆಲ್ಲಿ, ತಂತಿಯ ಕೊಕ್ಕೆಯಿಂದ ಫಿಲ್ಟರನ್ನು ಹೊರಗೆಳೆದು ತೊಳೆದು, ಹೊಸ ಪೆಟ್ರೋಲು ಹಾಕಿದೆ. ಎಳೆದೆ. ಇಲ್ಲ! ಗಂಟೆ ಏಳೂವರೆ ದಾಟಿತ್ತು.

ಇನ್ನು ಉಳಿದಿದ್ದು ಕಾರ್ಬೊರೇಟರ್. ಅಪ್ಪನ ಬಿಳಿ ಪಂಚೆಯನ್ನು ಜಗುಲಿಯಲ್ಲಿ ಹಾಸಿಕೊಂಡು ಬಿಚ್ಚಲು ಕೂತೆ. ಬಿಳಿ ಬಟ್ಟೆಯ ಮೇಲಾದರೆ ಬಿದ್ದ ಸ್ಪ್ರಿಂಗು, ಸ್ಕ್ರೂ ಕಣ್ಣಿಗೆ ಕಾಣುತ್ತವೆ. (ಪಂಚೆಯ ಮೇಲಿನ ಕಲೆ ಅಮ್ಮನ ಕಣ್ಣಿಗೂ ಕಂಡಿತು, ಅದರ ಚರಿತ್ರೆ ಇಲ್ಲಿ ಬೇಡ.)

ಬೈಕಿನ ಕಾರ್ಬೊರೇಟರಿನಲ್ಲಿ ಒಂದು ಬಟ್ಟಲು, ಅದರಲ್ಲಿ ತೇಲುವ ಬೆಂಡು ಇರುತ್ತದೆ. ಪೆಟ್ರೋಲು ತುಂಬಿದಾಗ ಬೆಂಡು ಮೇಲೇರಿ ದಾರಿ ಮುಚ್ಚುತ್ತದೆ, ನಮ್ಮ ಮನೆಯ ನೀರಿನ ಟ್ಯಾಂಕಿನ ಬಾಲ್‌ಕಾಕ್ ತರಹ. ಹಳೆಯ ಗರಗಸಗಳಲ್ಲೂ ಹೀಗೇ ಇತ್ತು. ಕಷ್ಟ ಏನೆಂದರೆ ಬಟ್ಟಲು ನೆಟ್ಟಗೇ ನಿಲ್ಲಬೇಕು. ನಿಂತ ಮರ ಬೀಳಿಸಲು ಗರಗಸವನ್ನು ಅಡ್ಡ ಹಿಡಿಯಬೇಕು, ಬಿದ್ದ ಮರ ತುಂಡು ಮಾಡಲು ನೇರ ಹಿಡಿಯಬೇಕು. ಅದಕ್ಕೇ ಆ ಕಾಲದ ಇಬ್ಬರು ಹಿಡಿಯುವ ಗರಗಸಗಳಲ್ಲಿ ಎಂಜಿನ್ನನ್ನು ನೆಟ್ಟಗೆ ಬಿಟ್ಟು, ಚೈನ್ ಇರುವ ಬಾರನ್ನು ಮಾತ್ರ ತಿರುಗಿಸಿಕೊಳ್ಳುವ ವ್ಯವಸ್ಥೆ ಇರುತ್ತಿತ್ತು. ನಲವತ್ತರ ದಶಕದ ಕೊನೆಗೆ ಬೆಂಡಿನ ಬದಲು ತೆಳ್ಳನೆಯ ಪೊರೆ, ಡಯಾಫ್ರಂ, ಬಂತು. ಒಂದು ಪೊರೆ ಎಂಜಿನ್ನಿನ ಉಸಿರಾಟಕ್ಕೇ ಮಿಡಿದು ಪೆಟ್ರೋಲನ್ನು ಎಳೆಯುತ್ತದೆ, ಇನ್ನೊಂದು ಪೊರೆ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ನಮ್ಮ ಹೃದಯದ ಹಾಗೆ, ಹೇಗೆ ಮಲಗಿದರೂ ಕೆಲಸ ನಿಲ್ಲಿಸುವುದಿಲ್ಲ. 1950ರ ದಶಕದಲ್ಲಿ ಒಬ್ಬನೇ ಹಿಡಿಯುವ ಹಗುರ ಗರಗಸ ಜಗತ್ತಿನ ಕಾಡುಗಳನ್ನೆಲ್ಲ ಹೊಕ್ಕಿದ್ದರ ಹಿಂದಿನ ಗುಟ್ಟುಗಳಲ್ಲಿ ಈ ನಾಲ್ಕಾಣೆ ಅಗಲದ ಪೊರೆಯೂ ಒಂದು. 1959ರಲ್ಲಿ ಸ್ಟಿಲ್ ಕಂಪನಿ ಹೊರತಂದ 'ಕಾಂಟ್ರಾ' 12 ಕಿಲೋ ತೂಕದಲ್ಲಿ 6 ಅಶ್ವಶಕ್ತಿ ಕೊಡುತ್ತಿತ್ತು. ಮೂವತ್ತು ವರ್ಷದಲ್ಲಿ 46 ಕಿಲೋದಿಂದ 12 ಕಿಲೋ!

ನನ್ನ ಗರಗಸದ ಪೊರೆ ಒಣಗಿದ ಹಪ್ಪಳದಷ್ಟಲ್ಲದಿದ್ದರೂ ಸ್ವಲ್ಪ ಬಿರುಸಾಗಿತ್ತು. ಅಸಲಿ ಕಳ್ಳ ಅದರ ಹಿಂದಿದ್ದ. ಪೆಟ್ರೋಲು ಒಳಬರುವ ಬಾಯಲ್ಲಿ ಕಡಲೆಬೇಳೆಯಷ್ಟಗಲದ ಒಂದು ಜಾಲರಿ ಇರುತ್ತದೆ. ಅದರ ತುಂಬ ಕಂದು ಬಣ್ಣದ ಅಂಟು, ಹಲಸಿನ ಮೇಣ ಮೆತ್ತಿದ ಹಾಗೆ. ಹಳೆಯ ಪೆಟ್ರೋಲು ಆರಿ ಬಿಟ್ಟುಹೋದ ಗಷ್ಟು. ಸೂಜಿವಾಲ್ವೂ ಅಂಟಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಶ್ಶು, ಹೊಸ ಪೆಟ್ರೋಲು, ಸೈಕಲ್ ಪಂಪಿನ ಗಾಳಿ.... ಇಷ್ಟೇ ನನ್ನ ಆಯುಧ.

ಅಟ್ಟದ ಮೇಲಿನ ಗರಗಸ

ನಾನು ಹೀಗೆ ಜಗುಲಿಯಲ್ಲಿ ತಪಸ್ಸಿಗೆ ಕೂತಿದ್ದಾಗ ಮಾವ ಸುಮ್ಮನೆ ಕೂರಲಿಲ್ಲ. 'ನೀನು ನಿನ್ನ ಕೆಲಸ ಮಾಡು' ಎಂದವರೇ ಮನೆಗೆ ಹೋಗಿ ಅಟ್ಟದಿಂದ ಹಳೆಯ ಗರಗಸ ಇಳಿಸಿದರು. ಇಬ್ಬರು ಎದುರುಬದುರು ಕೂತು ಎಳೆಯುವಂಥದ್ದು. ಅವರು ಹುಡುಗರಾಗಿದ್ದಾಗ ನನ್ನ ಅಜ್ಜನ ಎದುರು ಕೂತು ಎಳೆದದ್ದಂತೆ. ತುಕ್ಕು ಹಿಡಿದಿತ್ತು. ಅರ ತರಿಸಿ, ಹಲ್ಲಿಗೆ ಹಲ್ಲು ಬಿಟ್ಟು ಓರೆ ನೋಡಿಕೊಂಡು ಮಸೆದರು. ತೆಂಗಿನೆಣ್ಣೆ ಸವರಿದರು. ಊರಿನ ನಾಲ್ಕು ಹುಡುಗರು ಕೊಡಲಿ ಕತ್ತಿ ಹಿಡಿದು ಕೊಂಬೆ ಸವರಲು ಆಗಲೇ ಹೋಗಿದ್ದರು.

ಇಲ್ಲಿ ಚೈನಿನ ಕಥೆ ಹೇಳಬೇಕು. 'ಚೈನ್‌ಸಾ ಕಂಡುಹಿಡಿದಿದ್ದು ಹೆರಿಗೆ ಮಾಡಿಸಲು' ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ಮೈ ಜುಮ್ಮೆನ್ನುವ ಚಿತ್ರ ಬೇರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹದಿನೆಂಟನೇ ಶತಮಾನದಲ್ಲಿ ಅರಿವಳಿಕೆ ಇರಲಿಲ್ಲ, ನಂಜು ಯಾಕಾಗುತ್ತದೆಂದು ಗೊತ್ತಿರಲಿಲ್ಲ. ಹೊಟ್ಟೆ ಕೊಯ್ದು ಮಗು ತೆಗೆದರೆ ತಾಯಿ ಬದುಕುವುದು ಬಹಳ ಅಪರೂಪ. 1777ರಲ್ಲಿ ಪ್ಯಾರಿಸ್ಸಿನ ಸಿಗೋ ಎಂಬ ವೈದ್ಯ, ಮಗು ಸಿಕ್ಕಿಕೊಂಡ ತಾಯಿಯೊಬ್ಬಳ ಜಘನದ ಮುಂಭಾಗದ ಮೂಳೆಗಳ ಕೂಡುಭಾಗವನ್ನು ಕೊಯ್ದು ದಾರಿ ಅಗಲ ಮಾಡಿದ. ತಾಯಿ, ಮಗು ಇಬ್ಬರೂ ಬದುಕಿದರು. ಈ ಕೆಲಸ ಚಾಕುವಿನಿಂದ ಕಷ್ಟ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1785ರ ತನ್ನ ಹೆರಿಗೆ ಶಾಸ್ತ್ರದ ಪುಸ್ತಕದಲ್ಲಿ ಬಾಗುವ ಗರಗಸವೊಂದರ ಚಿತ್ರ ಹಾಕಿದ. ಅದೇ ದೇಶದ ಜೇಮ್ಸ್ ಜೆಫ್ರಿ ಕೊಳೆತ ಮೂಳೆ ತೆಗೆಯಲು ಇಂಥದ್ದೇ ಒಂದನ್ನು ಮಾಡಿಸಿ 1806ರಲ್ಲಿ ಪ್ರಕಟಿಸಿದ. ಗಡಿಯಾರದ ಸರಪಳಿಯಂಥ ಸಣ್ಣ ಕೊಂಡಿಗಳು, ಅವುಗಳಿಗೆ ಹಲ್ಲು, ಎರಡು ತುದಿಗೆ ಎರಡು ಹಿಡಿ. ಮೂಳೆಯ ಹಿಂದಿನಿಂದ ಸುತ್ತಿಸಿ ಈ ಕೈ ಆ ಕೈ ಎಳೆಯುವುದು. ಎಂಜಿನ್ನೂ ಇಲ್ಲ, ಸದ್ದೂ ಇಲ್ಲ.

1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಇದಕ್ಕೆ ಒಂದು ಬಾರ್ ಜೋಡಿಸಿ, ಅದರ ಸುತ್ತ ಹಲ್ಲಿನ ಸರಪಳಿ ಕೈಹಿಡಿಯಿಂದ ತಿರುಗುವ ಹಾಗೆ ಮಾಡಿದ. ಚಿತ್ರ ನೋಡಿದರೆ ಈಗಿನ ಚೈನ್‌ಸಾದ ಪುಟ್ಟ ಅಜ್ಜನ ಹಾಗೇ ಕಾಣುತ್ತದೆ. ಆದರೆ ಮರ ಕೊಯ್ಯುವವರು ಇದನ್ನು ನೋಡಿಯೇ ಕಲಿತರು ಎನ್ನಲು ಆಧಾರವಿಲ್ಲ. ಮುಂದೆ 1894ರಲ್ಲಿ ಇಟಲಿಯ ಜಿಲಿ ಹೆಣೆದ ತಂತಿಯ ಗರಗಸ ತಂದ ಮೇಲೆ ವೈದ್ಯರಿಗೆ ಸರಪಳಿ ಬೇಡವಾಯಿತು, ಸಿಸೇರಿಯನ್ ಸುರಕ್ಷಿತವಾದ ಮೇಲೆ ಆ ಶಸ್ತ್ರಚಿಕಿತ್ಸೆಯೇ ಹಿಂದೆ ಸರಿಯಿತು. ಕಾಡಿನ ಕಡೆ ಕ್ಯಾಲಿಫೋರ್ನಿಯಾದ ದೈತ್ಯ ರೆಡ್‌ವುಡ್ ಮರಗಳ ಎದುರು ಸೋತವರು ಕೊನೆಯಿಲ್ಲದ ಸರಪಳಿಯ ಗರಗಸದ ಕನಸು ಕಂಡರು. 1905ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಮ್ಯುಯೆಲ್ ಬೆನ್ಸ್ ಅದಕ್ಕೆ ಪೇಟೆಂಟ್ ಪಡೆದ.

ಆದರೂ ಒಂದು ಕೊರತೆ ಉಳಿದೇ ಇತ್ತು. ಆ ಸರಪಳಿಗಳ ಹಲ್ಲು ಮಾವನ ಗರಗಸದ ಹಲ್ಲಿನ ನಕಲು, ಮರವನ್ನು ಗೀರುತ್ತಾ ಕೆರೆಯುತ್ತಾ ಹೋಗುತ್ತಿತ್ತು. ಬೇಗ ಮೊಂಡಾಗುತ್ತಿತ್ತು, ಮಸೆಯುವುದರಲ್ಲೇ ಅರ್ಧ ದಿನ. ಈಗ 1946ಕ್ಕೆ ಬನ್ನಿ. ಡೇ ತೀರಿಕೊಂಡ ಅದೇ ವರ್ಷ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಸೌದೆ ಒಡೆಯುವಾಗ ಕುಂಟೆಯೊಳಗೆ ತೋರುಬೆರಳು ಗಾತ್ರದ ಹುಳವೊಂದನ್ನು ಕಂಡ. ಮರಕೊರಕ ಜೀರುಂಡೆಯ ಮರಿ. ಅದು ಮರದ ಎಳೆಯ ಉದ್ದಕ್ಕೂ ಹೋಗುತ್ತದೆ, ಎಳೆಗೆ ಅಡ್ಡಲಾಗಿಯೂ ಸಲೀಸಾಗಿ ಹೋಗುತ್ತದೆ. ನೋಡುತ್ತಾ ಕೂತ. ಹುಳದ ಎರಡು ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚಿ ಚಕ್ಕೆ ಎಬ್ಬಿಸುತ್ತಿದ್ದವು! ಹಾಗೇ ಬಾಗಿದ ಹಲ್ಲುಗಳನ್ನು ಎಡಬಲ ಸರದಿಯಲ್ಲಿ ಜೋಡಿಸಿ ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಹೊಸ ಚೈನ್ ಮಾಡಿದ. 1947ರಲ್ಲಿ ಮಾರಾಟಕ್ಕೆ ಬಂತು. ಈಗ ಪ್ರಪಂಚದ ಹೆಚ್ಚಿನ ಗರಗಸಗಳಲ್ಲಿರುವ ಚೈನು ಅದರ ಮೊಮ್ಮಕ್ಕಳೇ. ಚೂಪಿದ್ದರೆ ಅದರಿಂದ ಹಿಟ್ಟು ಬೀಳುವುದಿಲ್ಲ, ಚಕ್ಕೆ ಬೀಳುತ್ತದೆ. ಹಿಟ್ಟು ಬೀಳತೊಡಗಿದರೆ ಮಸೆಯುವ ಹೊತ್ತಾಯಿತೆಂದು ಲೆಕ್ಕ.

ಬುರ್ರ್ರ್

ಎಂಟು ಇಪ್ಪತ್ತಕ್ಕೆ ಕಾರ್ಬೊರೇಟರ್ ಕೂರಿಸಿ ಚೋಕ್ ಎಳೆದು ಹಗ್ಗ ಎಳೆದೆ. ಮೂರನೇ ಸಲಕ್ಕೆ ಕೆಮ್ಮಿತು. ಚೋಕ್ ತಳ್ಳಿ ಎಳೆದೆ. ನಾಲ್ಕನೇ ಸಲಕ್ಕೆ ಬಿಳಿ ಹೊಗೆ ಉಗುಳಿ ಗರ್ಜಿಸಿತು. ಅಷ್ಟು ಚೆಂದದ ಸದ್ದು ನಾನು ಕೇಳಿಯೇ ಇರಲಿಲ್ಲ.

ಓಡಿಕೊಂಡು ಹೋಗಿ ನೋಡಿದರೆ.... ಒಂದು ಕಡೆಯ ಕೊಯ್ತ ಮುಗಿದೇ ಹೋಗಿದೆ! ಮಾವನ ಹಳೇ ಗರಗಸ ಹಿಡಿದು ಇಬ್ಬರಿಬ್ಬರು ಸರದಿಯಲ್ಲಿ ಎಳೆದು ಕಾಂಡವನ್ನು ಹಳ್ಳದ ಕಡೆಯಿಂದ ತುಂಡು ಮಾಡಿದ್ದರು. ಮಾವ ಧರೆಯ ಮೇಲೆ ಕೂತು 'ಸಮ ಎಳೀರಾ, ತಳ್ಳಬೇಡಿ, ಎಳೀರಿ' ಎಂದು ಹೇಳಿಕೊಡುತ್ತಿದ್ದರು. ಇನ್ನೊಂದು ಕಡೆಯದು ನನ್ನ ಪಾಲಿಗೆ. ಕಾಂಡ ಎರಡೂ ತುದಿಗೆ ಆತು ನಡುವೆ ನೇತಿದ್ದರಿಂದ ಮೇಲಿನಿಂದಲೇ ಕೊಯ್ದರೆ ಮರ ಬಾರನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಸ್ವಲ್ಪ ಕೊಯ್ದು, ಆಮೇಲೆ ಕೆಳಗಿನಿಂದ ಮುಗಿಸಿದೆ. ಅವರಿಗೆ ಒಂದು ತಾಸು ಹಿಡಿದದ್ದು ನನಗೆ ನಾಲ್ಕು ನಿಮಿಷ. ಆದರೆ ಆ ನಾಲ್ಕು ನಿಮಿಷಕ್ಕೆ ಮೊದಲು ಎರಡು ತಾಸು ಬಿಚ್ಚಿದ್ದೆನಲ್ಲ! ತುಂಡುಗಳನ್ನು ರಸ್ತೆ ಪಕ್ಕಕ್ಕೇ ಉರುಳಿಸಿದೆವು, ಇಲಾಖೆಯ ಮರ. ಒಂಬತ್ತಕ್ಕೆ ಮೊದಲೇ ಮಾವನ ಜೀಪು ದಾಟಿತು. ಹತ್ತರ ಪಾಳಿ ಸಿಕ್ಕಿತು.

ಕಥೆ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಆ 'ನಾಲ್ಕು ನಿಮಿಷ' ನನ್ನ ತಲೆಯಿಂದ ಹೋಗಲಿಲ್ಲ.

ಅಂದು ಬಿದ್ದ ಅಕೇಶಿಯಾ ನಮ್ಮ ಕಾಡಿನದ್ದಲ್ಲ. ಎಂಬತ್ತರ ದಶಕದಲ್ಲಿ ಮಲೆನಾಡಿನ ಗುಡ್ಡಗಳಲ್ಲಿ ಇಲಾಖೆಯವರು ಸಾಲುಸಾಲಾಗಿ ನೆಟ್ಟ ಜಾತಿ, ಮೂಲ ಆಸ್ಟ್ರೇಲಿಯಾ ಕಡೆಯದು. ಬೇಗ ಬೆಳೆಯುತ್ತದೆ, ಗಾಳಿಗೆ ಬೇಗ ಬೀಳುತ್ತದೆ. ಅದೇ ದಶಕದಲ್ಲಿ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಎದುರಿಗಿದ್ದವರ ಕೈಯಲ್ಲಿದ್ದುದು ಕೊಡಲಿ. ದೊಡ್ಡ ಮರವನ್ನು ಕೊಡಲಿಯಲ್ಲಿ ಕಡಿಯಲು ಹೊತ್ತು ಬೇಕು. ಏಟಿನ ಸದ್ದು ಕೇಳಿ, ಊರಿಗೆ ಸುದ್ದಿ ಮುಟ್ಟಿಸಿ, ಜನ ಸೇರಿ ನಡೆದು ಬರುವಷ್ಟು ಹೊತ್ತು. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ರಬ್ಬರ್ ಹಾಲು ತೆಗೆಯುವ ಬಡವರು ಸಾಲಾಗಿ ನಿಂತು ಕಾಡು ಕಡಿಯುವುದನ್ನು ತಡೆಯುತ್ತಿದ್ದರು. ಅವರ ಎದುರಿಗಿದ್ದುದು ಚೈನ್‌ಸಾ. ಅಲ್ಲಿ ಕಡಿಯುವವರು ಬರುವ ಮೊದಲೇ ಸುದ್ದಿ ತಿಳಿದು ಹೋಗಿ ನಿಲ್ಲಬೇಕು, ಶುರುವಾದ ಮೇಲೆ ಹೊತ್ತೇ ಇಲ್ಲ. ಅವರ ನಾಯಕ ಚಿಕೊ ಮೆಂಡೆಸ್‌ರನ್ನು 1988ರ ಡಿಸೆಂಬರಿನಲ್ಲಿ ಗುಂಡಿಕ್ಕಿ ಕೊಂದರು. ಅದೇ ವರ್ಷ ಬಂದ ನಮ್ಮ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನಿಂದ ಬರುವ ಆದಾಯಕ್ಕಿಂತ ಪರಿಸರದ ಸಮತೋಲ ಮುಖ್ಯ ಎಂದಿತು.

ಹಿಡಿದವನನ್ನೂ ಆ ಯಂತ್ರ ಸುಮ್ಮನೆ ಬಿಡಲಿಲ್ಲ. ಅರವತ್ತರ ದಶಕದಲ್ಲಿ ಹಲವು ದೇಶಗಳ ಮರ ಕೊಯ್ಯುವವರ ಬೆರಳುಗಳು ಚಳಿಯಲ್ಲಿ ಬೆಳ್ಳಗಾಗಿ ಜೋಮು ಹಿಡಿಯತೊಡಗಿದವು. ಅದು ನಡುಕದ ಕಾಯಿಲೆ. ಆಮೇಲೆ ಹಿಡಿಗಳಿಗೆ ರಬ್ಬರ್ ಬಂತು, ಎಪ್ಪತ್ತರ ದಶಕದಲ್ಲಿ, ಬಾರ್ ಎಗರಿ ಮುಖಕ್ಕೆ ಬಡಿಯುವ ಮೊದಲೇ ಸರಪಳಿ ನಿಲ್ಲಿಸುವ ಬ್ರೇಕ್ ಬಂತು.

ಮಾವ ಸಂಜೆ ಸುಸ್ತಾಗಿ ವಾಪಸು ಬಂದಾಗ ಇದನ್ನೇ ಹೇಳಿದೆ. ನಕ್ಕರು. 'ನಿನ್ ಅಜ್ಜ ಒಂದ್ ಮರ ಕಡಿಯೋಕ್ ಮೊದ್ಲು ಮೂರ್ ಸಲ ಹೋಗಿ ನೋಡ್ಕೊಂಡ್ ಬರ್ತಿದ್ದ. ಯಾಕ್ ಗೊತ್ತಾ? ಎಳೆಯೋದು ಅವ್ನೇ ಅಲ್ವಾ!' ಎಂದರು. ನೀರಿನ ಲೋಟ ಅರ್ಧಕ್ಕೆ ನಿಲ್ಲಿಸಿ ಪಕ್ಕಕ್ಕಿಟ್ಟರು.

ಯಂತ್ರ ಬೇಡ ಎಂದು ನಾನು ಹೇಳಲಾರೆ. ಮಾವನನ್ನು ವಾರಕ್ಕೆರಡು ಸಲ ಬದುಕಿಸುತ್ತಿರುವುದೂ ಒಂದು ಯಂತ್ರವೇ. ಆದರೆ ಮರ ಕೊಯ್ಯುವ ಮೊದಲು ಮೂರು ಸಲ ಹೋಗಿ ನೋಡುವುದನ್ನು ಯಂತ್ರ ನನಗಾಗಿ ಮಾಡಿಕೊಡುವುದಿಲ್ಲ. ಅದನ್ನು ನಾನೇ ಮಾಡಬೇಕು.

ಮರುವಾರ ಹೊಸ ಡಯಾಫ್ರಂ ತಂದು ಹಾಕಿದೆ. ಈಗ ಕೆಲಸ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಒಳಗಿಡುತ್ತೇನೆ. ಬೆರೆಸಿದ ಪೆಟ್ರೋಲನ್ನು ತಿಂಗಳ ಮೇಲೆ ಇಡುವುದಿಲ್ಲ. ನಿಮ್ಮ ಮನೆಯಲ್ಲೂ ಗರಗಸವೋ ಕಳೆ ಕತ್ತರಿಸುವ ಮಿಷನ್ನೋ ಇದ್ದರೆ ಈಗಲೇ ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ನಿಮ್ಮೂರಿನ ಅಟ್ಟದ ಮೇಲೂ ಇಬ್ಬರು ಎಳೆಯುವ ಗರಗಸ ಇದೆಯಾ? ಇದ್ದರೆ ಅದರ ಕಥೆಯನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಓದಲು ಬರುತ್ತೇನೆ.

ಅಂದಹಾಗೆ ಮಾವನ ಗರಗಸ ಮತ್ತೆ ಅಟ್ಟಕ್ಕೆ ಹೋಗಿಲ್ಲ. ಎಣ್ಣೆ ಸವರಿಕೊಂಡು ನಮ್ಮ ಜಗುಲಿಯ ಗೋಡೆಯಲ್ಲಿ, ನನ್ನ ಮಿಷನ್ನಿನ ಪಕ್ಕದಲ್ಲೇ ನೇತಾಡುತ್ತಿದೆ.